ಒಂದೇ ಬೋರ್ಡು, ಹನ್ನೆರಡು ಮೈ: ಕ್ರಾಸ್‌ಫಿಟ್ ಕ್ಲಾಸಿನಲ್ಲಿ ಕೋಚ್ ಮಾಡುವ ಕೆಲಸ ಏನು?

ಬೆಳಿಗ್ಗೆ ಆರು ಗಂಟೆ. ಬಿಳಿ ಬೋರ್ಡಿನ ಮೇಲೆ ನೀಲಿ ಮಾರ್ಕರ್‌ನಲ್ಲಿ ಬರೆದದ್ದು ಇಷ್ಟೇ: ಸಿಂಡಿ. 20 ನಿಮಿಷ. 5 ಪುಲ್-ಅಪ್, 10 ಪುಶ್-ಅಪ್, 15 ಸ್ಕ್ವಾಟ್. ಸಿಂಡಿ ಅನ್ನೋದು ಈ ವರ್ಕೌಟಿನ ಹೆಸರು. ಮುಗಿದ ಕೂಡಲೇ ಮತ್ತೆ ಮೊದಲಿಂದ. ಗಡಿಯಾರ ನಿಲ್ಲುವ ಹೊತ್ತಿಗೆ ಎಷ್ಟು ಸುತ್ತು ಆಗುತ್ತೋ ಅದೇ ನಿಮ್ಮ ಸ್ಕೋರು.

ಬೋರ್ಡಿನ ಮುಂದೆ ಹನ್ನೆರಡು ಜನ ನಿಂತಿದ್ದೇವೆ. ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಒಬ್ಬ. ಎರಡನೇ ಹೆರಿಗೆಯಾಗಿ ಎಂಟು ತಿಂಗಳಾದ ತಾಯಿ. ಬಿಪಿ ಮಾತ್ರೆ ತಗೊಳ್ಳುವ 52ರ ಬ್ಯಾಂಕ್ ಮ್ಯಾನೇಜರ್. ಮತ್ತೆ ನಾನು. ವಯಸ್ಸು 43, ಸೊಂಟಕ್ಕೆ ಮಾತ್ರ ಹದಿನೈದು ವರ್ಷ ಕುರ್ಚಿಯಲ್ಲಿ ಕೂತು ಇನ್ನೂ ಜಾಸ್ತಿ ವಯಸ್ಸಾಗಿದೆ.

ಅರ್ಧ ಗಂಟೆ ಆದಮೇಲೆ ನೋಡಿದರೆ ಹನ್ನೆರಡೂ ಜನ ನೆಲದ ಮೇಲೆ ಅಂಗಾತ. ಎಲ್ಲರದೂ ಒಂದೇ ಥರದ ಏದುಸಿರು. ಆದರೆ ಯಾರೂ ಒಂದೇ ಕೆಲಸ ಮಾಡಿಲ್ಲ. ಹುಡುಗ ಕಂಬಿಗೆ ನೇತಾಡಿ ಪುಲ್-ಅಪ್ ಮಾಡಿದ. ನಾನು ಮೇಲಿಂದ ನೇತುಹಾಕಿದ ರಿಂಗು ಹಿಡಿದು ಓರೆಯಾಗಿ ನಿಂತು ಎದೆಯನ್ನು ರಿಂಗಿನ ಕಡೆಗೆ ಎಳೆದುಕೊಂಡೆ. ಮ್ಯಾನೇಜರ್ ಪುಶ್-ಅಪ್ ಹೊಡೆದದ್ದು ನೆಲದ ಮೇಲಲ್ಲ, ಎತ್ತರದ ಮರದ ಪೆಟ್ಟಿಗೆಯ ಮೇಲೆ ಕೈಯೂರಿ. ತಾಯಿಯಾದವರು 12 ನಿಮಿಷಕ್ಕೇ ನಿಲ್ಲಿಸಿದರು, ಅದೂ ಮೊದಲೇ ಮಾತಾಡಿಕೊಂಡಿದ್ದ ಹಾಗೆ.

ಬೇರೆ ಬೇರೆ ಕೆಲಸ ಮಾಡಿದವರಿಗೆಲ್ಲ ಒಂದೇ ಸುಸ್ತು ಹೇಗೆ ಬಂತು? ಇಂಥ ಜಿಮ್ಮಿನಲ್ಲಿ ಕೋಚ್ ಮಾಡುವ ಅಸಲಿ ಕೆಲಸ ಇರೋದು ಅಲ್ಲೇ. ಜೋರಾಗಿ ಕೂಗುವುದು, ಚಪ್ಪಾಳೆ ತಟ್ಟುವುದು, ಕಿವಿ ತೂತು ಬೀಳುವ ಹಾಗೆ ಮ್ಯೂಸಿಕ್ ಹಾಕುವುದು ಎಲ್ಲ ಮೇಲಿನ ಒಗ್ಗರಣೆ.

ಶುರುವಾದದ್ದು ಹೀಗೆ

ಓಟ, ಭಾರ ಎತ್ತುವುದು, ಕಂಬಿಯ ಕೆಲಸ ಎಲ್ಲ ಬೆರೆಸಿ ಗುಂಪಾಗಿ, ಜೋರಾಗಿ ಮಾಡುವ ಈ ಕ್ರಾಸ್‌ಫಿಟ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಜಿಮ್ನಾಸ್ಟಿಕ್ಸ್ ಹಿನ್ನೆಲೆಯ ಗ್ರೆಗ್ ಗ್ಲಾಸ್‌ಮನ್ ಎಂಬ ಟ್ರೇನರ್ ಒಬ್ಬೊಬ್ಬರಿಗೇ ಪಾಠ ಹೇಳಿಕೊಡುತ್ತಿದ್ದರು. ದಿನದಲ್ಲಿ ಹೊತ್ತು ಸಾಲದಾದಾಗ ಇಬ್ಬರನ್ನು ಒಟ್ಟಿಗೆ ಕರೆದರು. ಜನಕ್ಕೆ ಖರ್ಚು ಕಡಿಮೆಯಾಯಿತು, ಇವರ ಆದಾಯ ಹೆಚ್ಚಿತು, ಜೊತೆಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಇನ್ನಷ್ಟು ಕಷ್ಟಪಟ್ಟರು. ಇಬ್ಬರಿಂದ ಗುಂಪಾಯಿತು. 2000ರಲ್ಲಿ ಲಾರೆನ್ ಜೆನಾಯ್ ಜೊತೆ ಸೇರಿ ಕಂಪನಿ ಮಾಡಿದರು. 2001ರಿಂದ ದಿನಕ್ಕೊಂದು ವರ್ಕೌಟನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಾಕತೊಡಗಿದರು. 2007ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಒಂದು ಜಮೀನಿನಲ್ಲಿ ಮೊದಲ ಕ್ರಾಸ್‌ಫಿಟ್ ಗೇಮ್ಸ್ ಸ್ಪರ್ಧೆ ನಡೆಯಿತು.

ಇಂಥ ಜಿಮ್ಮಿಗೆ ಅವರು ‘ಬಾಕ್ಸ್’ ಅನ್ನುತ್ತಾರೆ. ಕನ್ನಡಿ ಇಲ್ಲ, ಸಾಲಾಗಿ ಮೆಷಿನ್ ಇಲ್ಲ. ಗೋಡೌನ್ ಥರದ ಜಾಗ, ರಬ್ಬರ್ ನೆಲ, ಕಂಬಿ, ಬಾರ್ಬೆಲ್, ಹಗ್ಗ, ಗಡಿಯಾರ. ನಮ್ಮ ಬೆಂಗಳೂರಿನಲ್ಲೂ ಇವೆ. ಗುಂಪಾಗಿ ವ್ಯಾಯಾಮ ಮಾಡುವ ರೂಢಿ ನಮ್ಮಲ್ಲಿ ದೊಡ್ಡದಾಗಿ ಹಬ್ಬಿದ್ದಕ್ಕೆ ಇನ್ನೊಂದು ಕಾರಣವೂ ಇದೆ. 2016ರಲ್ಲಿ ಬೆಂಗಳೂರಿನಲ್ಲೇ ಮುಕೇಶ್ ಬನ್ಸಲ್ ಮತ್ತು ಅಂಕಿತ್ ನಾಗೋರಿ ಶುರು ಮಾಡಿದ ಕ್ಯೂರ್‌ಫಿಟ್, ಅದರ ಕಲ್ಟ್ ಸೆಂಟರ್‌ಗಳು. ಆ್ಯಪ್‌ನಲ್ಲಿ ಸ್ಲಾಟ್ ಬುಕ್ ಮಾಡಿ ಕ್ಲಾಸಿಗೆ ಹೋಗುವ ಅಭ್ಯಾಸ ಹಲವರಿಗೆ ಬಂದದ್ದು ಅಲ್ಲಿಂದ.

ಹಾಗಂತ ಗುಂಪಿನಲ್ಲಿ ಬೆವರಿಳಿಸೋದು ನಮಗೆ ಹೊಸದೇನಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಇದನ್ನು ತಲೆಮಾರುಗಳಿಂದ ಮಾಡಿದ್ದಾರೆ. ದಂಡ, ಬಸ್ಕಿ, ಗದೆ, ಕಲ್ಲುಗುಂಡು, ಕೆಮ್ಮಣ್ಣು, ಮೇಲೆ ಕಣ್ಣಿಡುವ ಉಸ್ತಾದ್. ಕ್ರಾಸ್‌ಫಿಟ್ ಕೋಚ್ ಮಾಡುವ ಕೆಲಸವನ್ನು ಅರ್ಥ ಮಾಡಿಕೊಳ್ಳಲು ನನಗೆ ಸಹಾಯವಾದ ಮಾತು ಸಿಕ್ಕಿದ್ದೂ ಅಲ್ಲಿಂದಲೇ: ಜೋಡಿ ಕಟ್ಟುವುದು. ದಸರಾ ಕುಸ್ತಿಗೆ ಮುಂಚೆ ಪೈಲ್ವಾನರನ್ನು ಒಂದು ಕಡೆ ಸೇರಿಸಿ, ಮೈಕಟ್ಟು, ತೂಕ, ಅನುಭವ ನೋಡಿ ಯಾರಿಗೆ ಯಾರು ಜೋಡಿ ಅಂತ ತೀರ್ಮಾನ ಮಾಡುತ್ತಾರೆ. ಜೋಡಿ ಸರಿಯಿದ್ದರೆ ಕುಸ್ತಿಗೆ ರಂಗು. ತಪ್ಪಿದರೆ ಒಂದೋ ಅರೆ ನಿಮಿಷದಲ್ಲಿ ಒಬ್ಬ ಚಿತ್, ಇಲ್ಲವೇ ಒಬ್ಬನ ಭುಜ ಹೋಯಿತು. ಕೋಚ್ ಕೂಡ ದಿನಾ ಬೆಳಿಗ್ಗೆ ಜೋಡಿ ಕಟ್ಟುತ್ತಾರೆ. ಒಂದು ಕಡೆ ನೀವು, ಇನ್ನೊಂದು ಕಡೆ ಆ ದಿನದ ಭಾರ.

‘ಹೈ ಇಂಟೆನ್ಸಿಟಿ’ ಅಂದರೆ ಎಷ್ಟು ಹೈ?

ಇಲ್ಲಿ ಸ್ವಲ್ಪ ಮೈಯೊಳಗಿನ ಲೆಕ್ಕ ಬೇಕು.

ಸ್ನಾಯುವಿಗೆ ಇಂಧನ ಬರುವ ದಾರಿ ಮೂರು. ಮೊದಲನೆಯದು ಸ್ನಾಯುವಿನೊಳಗೇ ಇಟ್ಟಿರುವ ಚಿಲ್ಲರೆ ಕಾಸು. ಬಸ್ಸು ಹೊರಡುವುದನ್ನು ನೋಡಿ ಓಡುತ್ತೀರಲ್ಲ, ಆಗ ಖರ್ಚಾಗೋದು ಅದು. ಹೆಚ್ಚುಕಡಿಮೆ 10 ಸೆಕೆಂಡಿಗೆ ಖಾಲಿ. ಎರಡನೆಯದು ಸಕ್ಕರೆ ಅಂಶವನ್ನು ಆಮ್ಲಜನಕಕ್ಕೆ ಕಾಯದೆ ಗಡಿಬಿಡಿಯಲ್ಲಿ ಒಡೆಯುವ ದಾರಿ. ಒಂದೆರಡು ನಿಮಿಷದ ಜೋರು ಕೆಲಸಕ್ಕೆ ಇದೇ ಮುಖ್ಯ ಆಸರೆ, ತೊಡೆ ಉರಿಯುವುದೂ ಇದರ ಹೊತ್ತಿಗೇ. ಮೂರನೆಯದು ಆಮ್ಲಜನಕ ಬಳಸಿ ನಿಧಾನವಾಗಿ, ಗಂಟೆಗಟ್ಟಲೆ ಉರಿಯುವ ಒಲೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುವುದು ಇದು. ಮೂರೂ ಯಾವಾಗಲೂ ಒಟ್ಟಿಗೇ ಇರುತ್ತವೆ, ಯಾವುದರ ಪಾಲು ಜಾಸ್ತಿ ಅನ್ನೋದು ಮಾತ್ರ ಬದಲಾಗುತ್ತದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಮಾರನೇ ದಿನ ಮೆಟ್ಟಿಲಿಳಿಯಲು ಆಗದ ನೋವಿಗೆ ‘ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ’ ಅಂತ ಎಷ್ಟೋ ಟ್ರೇನರ್‌ಗಳು ಇವತ್ತಿಗೂ ಹೇಳುತ್ತಾರೆ. ತಪ್ಪು. ವ್ಯಾಯಾಮ ಮುಗಿದು ಒಂದೆರಡು ಗಂಟೆಯೊಳಗೆ ಅದು ರಕ್ತದಿಂದ ಹೋಗಿರುತ್ತದೆ. ಮಾರನೇ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನಿಂದ ಬರುವಂಥದ್ದು. ಭಾರ ಎತ್ತುವಾಗಿಗಿಂತ ಇಳಿಸುವಾಗ ಈ ಪೆಟ್ಟು ಜಾಸ್ತಿ.

‘ಹೈ ಇಂಟೆನ್ಸಿಟಿ’ ವ್ಯಾಯಾಮ ಅಂದರೆ ಮೊದಲ ಎರಡು ದಾರಿಗಳನ್ನು ಖಾಲಿ ಮಾಡಿ ಮೂರನೆಯದನ್ನು ಏದುಸಿರು ಬಿಡಿಸುವುದು. ಇದಕ್ಕೆ ಎಲ್ಲರೂ ಉದಾಹರಣೆ ಕೊಡುವುದು ಜಪಾನಿನ ಇಝುಮಿ ತಬಾಟಾ ಅವರ 1996ರ ಪ್ರಯೋಗ. ಅಸಲಿಗೆ ಈ ಪದ್ಧತಿಯನ್ನು ಬಳಸುತ್ತಿದ್ದವರು ಜಪಾನಿನ ಸ್ಪೀಡ್ ಸ್ಕೇಟಿಂಗ್ ತಂಡದ ಕೋಚ್ ಇರಿಸಾವಾ ಕೊಯಿಚಿ. ತಬಾಟಾ ಅದನ್ನು ಲ್ಯಾಬಿಗೆ ತಂದು ಅಳೆದರು. ಒಂದು ಗುಂಪು ವಾರಕ್ಕೆ 5 ದಿನ, ದಿನಕ್ಕೆ 60 ನಿಮಿಷ ಹದವಾಗಿ ಸೈಕಲ್ ತುಳಿಯಿತು. ಇನ್ನೊಂದು ಗುಂಪು 20 ಸೆಕೆಂಡ್ ಜೀವ ಹೋಗುವ ಹಾಗೆ ತುಳಿದು, 10 ಸೆಕೆಂಡ್ ಬಿಟ್ಟು, ಹೀಗೆ 7-8 ಸಲ. ಹೆಚ್ಚು ಅಂದರೆ 4 ನಿಮಿಷ. ಆರು ವಾರ ಆದಮೇಲೆ ಎರಡೂ ಗುಂಪಿನ ಆಮ್ಲಜನಕ ಬಳಸುವ ಶಕ್ತಿ ಏರಿತ್ತು. ಆಮ್ಲಜನಕವಿಲ್ಲದೆ ಜೋರು ಕೆಲಸ ಮಾಡುವ ಶಕ್ತಿ ಮಾತ್ರ ಎರಡನೇ ಗುಂಪಿನಲ್ಲಷ್ಟೇ ಏರಿತು, 28 ಪರ್ಸೆಂಟ್.

ಅಲ್ಲಿಂದ ‘ನಾಲ್ಕು ನಿಮಿಷದ ಪವಾಡ’ ಅನ್ನೋ ಜಾಹೀರಾತು ಹುಟ್ಟಿತು. ಆ ಪ್ರಯೋಗದಲ್ಲಿದ್ದವರು ದೈಹಿಕ ಶಿಕ್ಷಣ ಓದುತ್ತಿದ್ದ ಯುವಕರು. ಸೈಕಲ್ ತುಳಿತದ ಭಾರ ಅವರ ಆಮ್ಲಜನಕ ಮಿತಿಯ 170 ಪರ್ಸೆಂಟ್. ಏಳೆಂಟನೇ ಸುತ್ತಿಗೆ ಅವರಿಗೆ ಆ ವೇಗ ಹಿಡಿಯಲು ಆಗುತ್ತಲೇ ಇರಲಿಲ್ಲ. ಇನ್ನು ನಮ್ಮ ಕಡೆ? ಚಾಪೆ ಮೇಲೆ ಮಲಗಿ 20 ಸೆಕೆಂಡ್ ಹೊಟ್ಟೆ ವ್ಯಾಯಾಮ ಮಾಡಿ ‘ಇವತ್ತು ತಬಾಟಾ’ ಅನ್ನುತ್ತೇವೆ. ಗಡಿಯಾರ ಒಂದೇ, ಆದರೆ ಸಾರಿನಲ್ಲಿ ಬೇಳೆಯೇ ಇಲ್ಲ. ಇಂಟೆನ್ಸಿಟಿ ಇರುವುದು ಗಡಿಯಾರದಲ್ಲಲ್ಲ, ನಿಮ್ಮ ಮಿತಿಗೆ ಹೋಲಿಸಿದರೆ ನೀವು ಎಷ್ಟು ಹಾಕುತ್ತಿದ್ದೀರಿ ಅನ್ನೋದರಲ್ಲಿ. ಹಾಗಾದರೆ ಬೋರ್ಡಿನ ಮೇಲೆ ಇಂಟೆನ್ಸಿಟಿ ಬರೆಯಲು ಆಗುವುದೇ ಇಲ್ಲ, ಅಲ್ವಾ? ಹನ್ನೆರಡು ಜನಕ್ಕೆ ಹನ್ನೆರಡು ಮಿತಿ.

ಬೋರ್ಡನ್ನು ಓದುವುದು

ಬೋರ್ಡಿನ ಭಾಷೆ ಕಷ್ಟವೇನಿಲ್ಲ. ‘ಆಮ್ರ್ಯಾಪ್’ ಅಂದರೆ ಇಷ್ಟು ಹೊತ್ತಿನಲ್ಲಿ ಎಷ್ಟಾಗುತ್ತೋ ಅಷ್ಟು ಸುತ್ತು, ಸಿಂಡಿ ಥರ. ‘ಫಾರ್ ಟೈಮ್’ ಅಂದರೆ ಕೆಲಸ ಇಷ್ಟೇ, ಎಷ್ಟು ಬೇಗ ಮುಗಿಸುತ್ತೀರಿ ನೋಡೋಣ. ‘ಈಮಾಮ್’ ಅಂದರೆ ಪ್ರತಿ ನಿಮಿಷದ ಮೊದಲಿಗೆ ಗೊತ್ತುಮಾಡಿದ ಕೆಲಸ, ಮಿಕ್ಕ ಸೆಕೆಂಡುಗಳು ನಿಮ್ಮ ವಿಶ್ರಾಂತಿ. ಬೇಗ ಮುಗಿಸಿದರೆ ಜಾಸ್ತಿ ಉಸಿರು, ತಡವಾದರೆ ಉಸಿರಿಗೂ ಬರ. ‘ಆರ್‌ಎಕ್ಸ್’ ಅಂತ ಇದ್ದರೆ ಅದು ಡಾಕ್ಟರ್ ಚೀಟಿಯ ಮೇಲಿನ ಅದೇ ಗುರುತು. ಬರೆದ ಹಾಗೇ, ಬರೆದ ಭಾರದಲ್ಲೇ ಮಾಡಿದೆ ಅಂತ.

ಸಿಂಡಿ, ಫ್ರಾನ್ ಅಂತೆಲ್ಲ ಹೆಂಗಸರ ಹೆಸರು ಯಾಕೆ? ಅಮೆರಿಕದಲ್ಲಿ ಚಂಡಮಾರುತಗಳಿಗೆ ಹೆಂಗಸರ ಹೆಸರಿಡುತ್ತಿದ್ದರಲ್ಲ, ಅದೇ ರೂಢಿ ಅಂತ ಗ್ಲಾಸ್‌ಮನ್ ಹೇಳಿದ್ದರು. ಬೀಸಿ ಹೋದಮೇಲೆ ಜನ ಅಂಗಾತ ಬಿದ್ದಿರುತ್ತಾರೆ ಅನ್ನೋ ತಮಾಷೆ. ಮಡಿದ ಯೋಧರ ಹೆಸರಿನವೂ ಇವೆ. 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಸತ್ತ ಮೈಕೆಲ್ ಮರ್ಫಿ ಹೆಸರಿನ ‘ಮರ್ಫ್’ ಅವುಗಳಲ್ಲಿ ಹೆಸರುವಾಸಿ. ಒಂದು ಮೈಲಿ ಓಟ, 100 ಪುಲ್-ಅಪ್, 200 ಪುಶ್-ಅಪ್, 300 ಸ್ಕ್ವಾಟ್, ಮತ್ತೆ ಒಂದು ಮೈಲಿ.

ನಾನು ಪಾಠ ಕಲಿತದ್ದು ಫ್ರಾನ್‌ನಿಂದ. ಬಾರ್ಬೆಲ್ ಹಿಡಿದು ಪೂರ್ತಿ ಕೂತು, ಏಳುವ ಜೋರಿನಲ್ಲೇ ಅದನ್ನು ತಲೆ ಮೇಲಕ್ಕೆ ತಳ್ಳುವುದು, ಅದಕ್ಕೆ ಥ್ರಸ್ಟರ್ ಅನ್ನುತ್ತಾರೆ. 21 ಥ್ರಸ್ಟರ್, 21 ಪುಲ್-ಅಪ್. ಆಮೇಲೆ 15, 15. ಆಮೇಲೆ 9, 9. ಗಂಡಸರಿಗೆ ಬರೆದ ಭಾರ 43 ಕೆಜಿ. ನಾನು ಹುಮ್ಮಸ್ಸಿನಲ್ಲಿ 43 ಏರಿಸಿದೆ. ಮೊದಲ ಐದು ಆದವು. ಆಮೇಲೆ ಒಂದು ಎತ್ತುವುದು, ಬಾರ್ ಕೆಳಗಿಡುವುದು, ಸೊಂಟದ ಮೇಲೆ ಕೈಯಿಟ್ಟು ಗೋಡೆ ನೋಡುವುದು. 19 ನಿಮಿಷ ಹಿಡಿಯಿತು. ಮುಗಿದಾಗ ಹೆಮ್ಮೆಯೋ ಹೆಮ್ಮೆ.

ಕೋಚ್ ಕೇಳಿದರು, ‘ಸರ್, ಈ 19 ನಿಮಿಷದಲ್ಲಿ ನೀವು ಕೆಲಸ ಮಾಡಿದ್ದು ಎಷ್ಟು ಹೊತ್ತು?’

ಲೆಕ್ಕ ಹಾಕಿದರೆ ನಾಲ್ಕು ನಿಮಿಷವೂ ಇರಲಿಲ್ಲ. ಮಿಕ್ಕಿದ್ದೆಲ್ಲ ನಿಂತದ್ದು. ಫ್ರಾನ್ ಇರುವುದು ಸಣ್ಣ ಹೊತ್ತಿನ, ಎಡೆಬಿಡದ ಓಟಕ್ಕೆ. ಪಳಗಿದವರು ಮೂರು ನಿಮಿಷದೊಳಗೆ ಮುಗಿಸುತ್ತಾರೆ. ಉಸಿರು ಸಿಗದೆ, ಬಾರ್ ಕೆಳಗಿಡಲೂ ಮನಸ್ಸಾಗದ ಸ್ಥಿತಿ ಅದರ ಉದ್ದೇಶ. ನಾನು ಮಾಡಿದ್ದು ಭಾರ ಎತ್ತುವ, ಮಧ್ಯೆ ಮಧ್ಯೆ ಸುಧಾರಿಸಿಕೊಳ್ಳುವ ಬೇರೆಯೇ ವ್ಯಾಯಾಮ. ಜಾಸ್ತಿ ಭಾರ ಹಾಕಿ ಇಂಟೆನ್ಸಿಟಿಯನ್ನು ಕಡಿಮೆ ಮಾಡಿಕೊಂಡಿದ್ದೆ. ಇದು ತಲೆಗೆ ಹೋಗಲು ನನಗೆ ಒಂದು ವಾರ ಬೇಕಾಯಿತು.

ಎರಡು ತಿಂಗಳು ಬಿಟ್ಟು ಮತ್ತೆ ಫ್ರಾನ್ ಬಂತು. ಈ ಸಲ ಕೋಚ್ ನನ್ನ ಬಾರಿಗೆ ಎರಡು ಕಡೆ ಪುಟ್ಟ ಪ್ಲೇಟ್ ಮಾತ್ರ ಬಿಟ್ಟರು, ಒಟ್ಟು 25 ಕೆಜಿ. ಪುಲ್-ಅಪ್ ಬದಲು ರಿಂಗು. 7 ನಿಮಿಷ 40 ಸೆಕೆಂಡ್. ಮುಗಿದ ಮೇಲೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಬೆರಳಿಗೆ ಶಕ್ತಿ ಇರಲಿಲ್ಲ.

ಇದನ್ನೇ ‘ಸ್ಕೇಲಿಂಗ್’ ಅನ್ನುತ್ತಾರೆ. ನಾನು ಜೋಡಿ ಕಟ್ಟುವುದು ಅನ್ನುತ್ತೇನೆ. ಒಳ್ಳೆ ಕೋಚ್ ಬೋರ್ಡು ವಿವರಿಸುವಾಗ ಮೊದಲು ಹೇಳುವುದು ಭಾರವನ್ನಲ್ಲ, ಅನುಭವವನ್ನು. ‘ಇದು 8 ನಿಮಿಷದೊಳಗೆ ಮುಗಿಯಬೇಕು, ಮೊದಲ ಸುತ್ತಿನಲ್ಲಿ ಬಾರ್ ಎರಡು ಸಲಕ್ಕಿಂತ ಜಾಸ್ತಿ ಕೆಳಗಿಡಬಾರದು.’ ಅಷ್ಟು ಹೇಳಿದರೆ ಸಾಕು, ಎಷ್ಟು ಭಾರ ಅನ್ನೋದು ಮುಕ್ಕಾಲು ಪಾಲು ನಮಗೇ ಗೊತ್ತಾಗುತ್ತದೆ. ಮಿಕ್ಕಿದ್ದನ್ನು ಅವರು ತಿರುಗಿಸುತ್ತಾರೆ. ಭಾರ ಇಳಿಸಬಹುದು. ಸುತ್ತು ಅಥವಾ ಹೊತ್ತು ಕತ್ತರಿಸಬಹುದು. ಚಲನೆಯನ್ನೇ ಬದಲಿಸಬಹುದು, ಪುಲ್-ಅಪ್‌ಗೆ ರಿಂಗು, ಓಟಕ್ಕೆ ಸೈಕಲ್, ನೆಲದ ಬದಲು ಪೆಟ್ಟಿಗೆ. ಯಾವುದನ್ನು ಮುಟ್ಟಬೇಕು ಅನ್ನೋದರಲ್ಲಿ ಕೋಚ್‌ನ ಅನುಭವ ಕಾಣುತ್ತದೆ. ಮಂಡಿ ನೋವಿದೆ ಅಂದಕೂಡಲೇ ‘ಸ್ಕ್ವಾಟ್ ಬಿಡಿ, ಸುಮ್ನೆ ಪ್ಲಾಂಕ್ ಮಾಡಿ’ ಅನ್ನುವುದು ಸೋಮಾರಿ ಸ್ಕೇಲಿಂಗ್. ಎತ್ತರದ ಪೆಟ್ಟಿಗೆ ಇಟ್ಟು ‘ಇದರ ಮೇಲೆ ಕೂತು ಏಳಿ, ನೋವು ಬರುವ ಆಳಕ್ಕೆ ಹೋಗಬೇಡಿ’ ಅನ್ನುವುದು ಕೆಲಸ.

ಕಣ್ಣು

ಕ್ರಾಸ್‌ಫಿಟ್ ತನ್ನ ಕೋಚ್‌ಗಳಿಗೆ ಕಲಿಸುವ ಕ್ರಮ ಒಂದಿದೆ. ಮೊದಲು ಚಲನೆ ಸರಿಯಿರಬೇಕು. ಆಮೇಲೆ ಅದು ಪ್ರತಿ ಸಲವೂ ಹಾಗೇ ಬರಬೇಕು. ಅದಾದಮೇಲೆ ಮಾತ್ರ ವೇಗ, ಭಾರ. ಕೇಳಲು ಸರಳ. ಗಡಿಯಾರ ಓಡುತ್ತಿರುವಾಗ, ಪಕ್ಕದವರು ನಮಗಿಂತ ಎರಡು ಸುತ್ತು ಮುಂದಿರುವಾಗ ಈ ಕ್ರಮ ಗಾಳಿಗೆ ಹೋಗುತ್ತದೆ.

ಹಾಗಾಗಿಯೇ ಹೊಸಬರ ಕೈಗೆ ಮೊದಲು ಬಾರ್ಬೆಲ್ ಕೊಡುವುದಿಲ್ಲ. ಒಂದು ಪಿವಿಸಿ ಪೈಪು ಕೊಡುತ್ತಾರೆ. ಹೌದು, ನೀರಿನ ಲೈನಿಗೆ ಹಾಕುತ್ತೇವಲ್ಲ, ಅದೇ. ನನಗೆ ಮೊದಲ ದಿನ ಅವಮಾನ ಆಗಿತ್ತು. ಐದು ನಿಮಿಷ ಆದಮೇಲೆ ಗೊತ್ತಾಯಿತು, ಆ ಪೈಪನ್ನು ತಲೆ ಮೇಲೆ ನೇರ ಹಿಡಿದು ಪೂರ್ತಿ ಕೂರಲು ನನಗೆ ಆಗುತ್ತಿಲ್ಲ ಅಂತ.

ಸ್ಕ್ವಾಟ್ ವಿಷಯದಲ್ಲಿ ಒಂದು ತಮಾಷೆ ನೋಡಿ. ನಮ್ಮಜ್ಜಿ ಎಪ್ಪತ್ತೈದರಲ್ಲೂ ಕುಕ್ಕುರುಗಾಲಲ್ಲಿ ಕೂತು ಅರ್ಧ ಗಂಟೆ ಸೊಪ್ಪು ಸೋಸುತ್ತಿದ್ದರು. ಹಿಮ್ಮಡಿ ನೆಲದ ಮೇಲೆ, ಬೆನ್ನು ನೆಟ್ಟಗೆ. ಅದು ಯಾವ ಕೋಚ್ ನೋಡಿದರೂ ಮೆಚ್ಚುವ ಸ್ಕ್ವಾಟ್. ಅಜ್ಜಿಯ ಮೊಮ್ಮಗನಾದ ನನಗೆ ಪಾದದ ಕೀಲು ಬಗ್ಗುವುದಿಲ್ಲ, ಹಿಮ್ಮಡಿ ಎದ್ದುಬಿಡುತ್ತದೆ. ಕಮೋಡು, ಡೈನಿಂಗ್ ಟೇಬಲ್ಲು, ಆಫೀಸು ಕುರ್ಚಿ ಮೂರೂ ಸೇರಿ ಕಿತ್ತುಕೊಂಡದ್ದನ್ನು ಈಗ ಫೀಸು ಕೊಟ್ಟು ವಾಪಸ್ ಕಲಿಯುತ್ತಿದ್ದೇನೆ.

ಕೋಚ್ ನೋಡುವುದೇನು? ಅಲುಗಾಡುವವರನ್ನು ನೋಡುವುದು ಸುಲಭ. ಕಷ್ಟ ಇರುವುದು ಯಾವ ತಪ್ಪನ್ನು ಮೊದಲು ಹಿಡಿಯಬೇಕು ಅನ್ನೋದರಲ್ಲಿ. ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಬಿಲ್ಲಿನ ಹಾಗೆ ಬಾಗಿದರೆ ಅದು ತಕ್ಷಣದ ಅಪಾಯ. ಸ್ಕ್ವಾಟಿನಲ್ಲಿ ಪಾದ ಒಂದಿಂಚು ಜಾಸ್ತಿ ಹೊರಗೆ ತಿರುಗಿದ್ದರೆ ಅದು ನಾಳೆ ನೋಡಿಕೊಳ್ಳುವ ವಿಷಯ. ಎರಡನ್ನೂ ಒಟ್ಟಿಗೆ ಹೇಳಿದರೆ ಕೇಳುವವರ ತಲೆಗೆ ಯಾವುದೂ ಹೋಗುವುದಿಲ್ಲ. ಅದಕ್ಕೇ ಒಳ್ಳೆಯವರ ಮಾತು ಚಿಕ್ಕದು. ‘ಎದೆ ಮೇಲೆ.’ ‘ಮಂಡಿ ಹೊರಗೆ ತಳ್ಳಿ.’ ‘ಬಾರ್ ಕಾಲಿಗೆ ತಾಗಿಸಿಕೊಂಡು ಬನ್ನಿ.’ ಒಂದು ಸಲಕ್ಕೆ ಒಂದೇ ಮಾತು. ಹೇಳಿ ಮುಂದೆ ಹೋಗುವುದಿಲ್ಲ, ಬದಲಾಯಿತಾ ಅಂತ ಮುಂದಿನ ಎರಡು ಸಲ ನಿಂತು ನೋಡುತ್ತಾರೆ. ಬದಲಾಗದಿದ್ದರೆ ಮಾತು ಬದಲಿಸುತ್ತಾರೆ. ಬೆನ್ನು ನೇರ ಅಂದಾಗ ಅರ್ಥವಾಗದ ನನಗೆ ಒಂದು ದಿನ ‘ಸರ್, ಟೀ ಶರ್ಟಿನ ಮೇಲಿನ ಅಕ್ಷರ ನನಗೆ ಓದೋಕೆ ಸಿಗಬೇಕು’ ಅಂದರು. ತಕ್ಷಣ ಬಂತು.

ಇದನ್ನು ಒಬ್ಬರಿಗೆ ಮಾಡುವುದು ಬೇರೆ. ಹನ್ನೆರಡು ಜನಕ್ಕೆ, ಓಡುತ್ತಿರುವ ಗಡಿಯಾರದ ಕೆಳಗೆ ಮಾಡುವುದೇ ಬೇರೆ. ಕ್ರಾಸ್‌ಫಿಟ್‌ನ ಮೊದಲ ಹಂತದ ಸರ್ಟಿಫಿಕೇಟು ಎರಡು ದಿನದ ಕೋರ್ಸು ಮತ್ತು ಒಂದು ಪರೀಕ್ಷೆ. ಅಲ್ಲೂ ಕಲಿಸುವುದು, ತಪ್ಪು ಕಾಣುವುದು, ತಿದ್ದುವುದು, ಗುಂಪು ನಿಭಾಯಿಸುವುದು, ಮಾಡಿ ತೋರಿಸುವುದು, ಜನರ ಜೊತೆ ಇರುವ ರೀತಿ ಅಂತ ಆರು ಬಾಬತ್ತುಗಳನ್ನು ಇಟ್ಟಿದ್ದಾರೆ. ಎರಡು ದಿನದಲ್ಲಿ ಆರರ ಹೆಸರು ಕಲಿಯಬಹುದು. ಕಣ್ಣು ಬರಲು ವರ್ಷಗಳೇ ಬೇಕು. ಹಾಗಾಗಿ ಗೋಡೆಯ ಮೇಲಿನ ಸರ್ಟಿಫಿಕೇಟಿಗೆ ನಾನು ಅಷ್ಟಾಗಿ ಬೆಲೆ ಕೊಡುವುದಿಲ್ಲ.

ಕೆಲವು ಜಿಮ್ಮುಗಳಲ್ಲಿ ಎದೆಗೆ ಪಟ್ಟಿ ಕಟ್ಟಿಸಿ ಎಲ್ಲರ ಹೃದಯ ಬಡಿತವನ್ನು ದೊಡ್ಡ ಸ್ಕ್ರೀನಿನ ಮೇಲೆ ಹಾಕುತ್ತಾರೆ. ಚೆನ್ನಾಗಿ ಕಾಣುತ್ತದೆ. ಆದರೆ 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಅನ್ನೋ ಲೆಕ್ಕ ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಕೆಲವು ಬಿಪಿ ಮಾತ್ರೆಗಳು ಬಡಿತವನ್ನೇ ತಗ್ಗಿಸಿ ಇಡುತ್ತವೆ. ನಮ್ಮ ಮ್ಯಾನೇಜರ್ ತಗೊಳ್ಳುವುದು ಅದೇ ಜಾತಿಯದು. ಸ್ಕ್ರೀನು ನೋಡಿದರೆ ಅವರು ವಾಕಿಂಗ್ ಮಾಡುತ್ತಿದ್ದಾರೆ, ಎಷ್ಟು ಸುಸ್ತಾಗಿದೆ ಅನ್ನೋದು ಮುಖ ನೋಡಿದರೆ ಗೊತ್ತಾಗುತ್ತದೆ. ಅವರಿಗೆ ಕೋಚ್ ಬಳಸುವ ಅಳತೆ ಸಿಂಪಲ್: ಮಧ್ಯೆ ಒಂದು ಪ್ರಶ್ನೆ ಕೇಳುವುದು. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಹದ. ಒಂದೆರಡು ಪದ ಮಾತ್ರ ಬಂದರೆ ಜೋರು. ಮಾತೇ ಬರದೆ ಬರೀ ತಲೆ ಆಡಿಸಿದರೆ, ಅಲ್ಲಿಗೆ ಸಾಕು, ನಿಲ್ಲಿಸಿ.

ಗುಂಪಿನ ಎರಡು ಮುಖ

ಒಬ್ಬರೇ ಮಾಡುವಾಗ ಎಂಟನೇ ಸುತ್ತಿಗೆ ಬಿಟ್ಟುಬಿಡುವ ನಾವು ಗುಂಪಿನಲ್ಲಿ ಹನ್ನೊಂದಕ್ಕೆ ಹೋಗುತ್ತೇವೆ. ಇದನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. 1898ರಲ್ಲಿ ನಾರ್ಮನ್ ಟ್ರಿಪ್ಲೆಟ್, ಸೈಕಲ್ ಸವಾರರು ಒಬ್ಬರೇ ತುಳಿಯುವಾಗಿಗಿಂತ ಜೊತೆಗೆ ಜನ ಇದ್ದಾಗ ವೇಗವಾಗಿ ಹೋಗುತ್ತಾರೆ ಅಂತ ಬರೆದರು. 1920ರ ದಶಕದಲ್ಲಿ ಜರ್ಮನಿಯ ಓಟ್ಟೊ ಕೋಲರ್ ಬರ್ಲಿನ್‌ನ ದೋಣಿ ಕ್ಲಬ್ಬಿನವರಿಗೆ ಭಾರ ಎತ್ತಿಸಿ ನೋಡಿದರು. ಇಬ್ಬರು ಸೇರಿ ಒಂದೇ ಭಾರ ಎತ್ತುವಾಗ ದುರ್ಬಲನಾದವನು ತನ್ನೊಬ್ಬನ ಮಿತಿಗಿಂತ ಜಾಸ್ತಿ ಹೊತ್ತು ಎಳೆದ. ತನ್ನಿಂದ ಜೊತೆಯವನು ಸೋಲಬಾರದು ಅಂತ.

ಒಳ್ಳೆಯದೇ. ಆದರೆ ಅದೇ ಗುಣ ತಿರುಗಿ ಕಚ್ಚುವುದೂ ಉಂಟು. ನಾನು ಹೋದ ಮೊಟ್ಟಮೊದಲ ಗ್ರೂಪ್ ಕ್ಲಾಸ್ ಇನ್ನೊಂದು ಕಡೆ. ಮೊದಲ ದಿನವೇ 100 ಬರ್ಪಿ, ಅಂದರೆ ನೆಲಕ್ಕೆ ಬಿದ್ದು ಎದ್ದು ಹಾರುವುದು ನೂರು ಸಲ. ಮೈಕು ಹಿಡಿದವರು ಎಣಿಸುತ್ತಿದ್ದರು, ಕಣ್ಣು ಮೊಬೈಲಿನಲ್ಲಿತ್ತು. ಪಕ್ಕದವರು ನಿಲ್ಲಿಸಲಿಲ್ಲ, ಹಾಗಾಗಿ ನಾನೂ ನಿಲ್ಲಿಸಲಿಲ್ಲ. ಮೂರು ದಿನ ತಲೆ ಬಾಚಲು ಕೈ ಎತ್ತಲಾಗಲಿಲ್ಲ. ‘ಸೂಪರ್ ವರ್ಕೌಟ್’ ಅಂತ ಸ್ನೇಹಿತರಿಗೆ ಹೇಳಿಕೊಂಡು ತಿರುಗಿದೆ. ದಡ್ಡತನ.

ಅಂಥದ್ದರ ಕೊನೆಯ ಹಂತಕ್ಕೆ ರ್‍ಯಾಬ್ಡೋಮಯೋಲಿಸಿಸ್ ಅನ್ನುತ್ತಾರೆ. ಸ್ನಾಯು ವಿಪರೀತ ಒಡೆದು ಒಳಗಿನ ಪದಾರ್ಥ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡ ಅದನ್ನು ಸೋಸಲಾಗದೆ ಸೋಲುತ್ತದೆ. ಸ್ನಾಯು ಊದುವುದು, ಮಾಮೂಲಿಗಿಂತ ವಿಪರೀತ ನೋವು, ಮೂತ್ರ ಕೋಲಾ ಬಣ್ಣಕ್ಕೆ ತಿರುಗುವುದು ಇದರ ಗುರುತು. ಆ ಬಣ್ಣ ಕಂಡರೆ ಎಳನೀರು ಕುಡಿದು ಮಲಗುವುದಲ್ಲ, ಸೀದಾ ಆಸ್ಪತ್ರೆಗೆ ಹೋಗಬೇಕು. ಇದು ಅಪರೂಪ. ಆದರೆ 2005ರಲ್ಲೇ ಕ್ರಾಸ್‌ಫಿಟ್ ತನ್ನ ಪತ್ರಿಕೆಯಲ್ಲಿ ಇದರ ಬಗ್ಗೆ ಎಚ್ಚರಿಸಿತ್ತು. ಆ ಕಾಲಕ್ಕೆ ‘ಅಂಕಲ್ ರ್‍ಯಾಬ್ಡೊ’ ಅಂತ ಒಂದು ಜೋಕರ್ ಚಿತ್ರವನ್ನೂ ಮಾಡಿಕೊಂಡು ನಗುತ್ತಿದ್ದರು. ಆ ನಗು ನನಗಂತೂ ಹಿಡಿಸುವುದಿಲ್ಲ. ಹುಷಾರಾಗಿರಬೇಕಾದವರು ಹೊಸಬರಷ್ಟೇ ಅಲ್ಲ. ಹಿಂದೆ ಚೆನ್ನಾಗಿ ಮಾಡಿ, ಆರು ತಿಂಗಳು ಬಿಟ್ಟು, ಹಳೇ ಲೆಕ್ಕದಲ್ಲೇ ಮತ್ತೆ ಶುರು ಮಾಡುವವರೂ ಅಷ್ಟೇ. ಮನಸ್ಸಿಗೆ ನೆನಪಿರುತ್ತದೆ, ಸ್ನಾಯುವಿಗೆ ಮರೆತಿರುತ್ತದೆ. ಸೆಖೆ ಇದ್ದರೆ ಇನ್ನೂ ಕಷ್ಟ. ಮಂಗಳೂರಿನ ಏಪ್ರಿಲ್ಲಿನಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬೆಂಗಳೂರಿನ ಡಿಸೆಂಬರಿನ ಬೋರ್ಡನ್ನು ಅಲ್ಲಿ ಹಾಗೇ ಬರೆಯುವಂತಿಲ್ಲ.

ಇನ್ನು ಹೃದಯದ ಪ್ರಶ್ನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಮೇಲೆ ಕರ್ನಾಟಕದಲ್ಲಿ ಜಿಮ್ ಅಂದರೆ ಎಷ್ಟೋ ಮನೆಗಳಲ್ಲಿ ಭಯ ಬಂದುಬಿಟ್ಟಿತು. ಜನ ಹೃದಯದ ತಪಾಸಣೆಗೆ ಸಾಲು ನಿಂತರು. ಒಬ್ಬರ ಸಾವಿಗೆ ಹೊರಗೆ ನಿಂತು ಕಾರಣ ಹೇಳುವುದು ತಪ್ಪು, ಅದನ್ನು ನಾನು ಮಾಡುವುದಿಲ್ಲ. ಆದರೆ ಆ ಭಯಕ್ಕೆ ಉತ್ತರವಾಗಿ ಒಂದು ಅಂಕಿ ಗೊತ್ತಿರಬೇಕು. 1993ರಲ್ಲಿ ಮರ್ರೆ ಮಿಟಲ್‌ಮನ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಹೃದಯಾಘಾತವಾದವರನ್ನು ವಿಚಾರಿಸಿ ಲೆಕ್ಕ ಹಾಕಿದರು. ಜೋರು ಶ್ರಮದ ನಂತರದ ಒಂದು ಗಂಟೆಯಲ್ಲಿ ಅಪಾಯ ಎಷ್ಟು ಏರುತ್ತದೆ? ವಾರಕ್ಕೆ ಒಂದು ಸಲವೂ ಅಂಥ ಶ್ರಮ ಮಾಡದವರಲ್ಲಿ ಸುಮಾರು 107 ಪಟ್ಟು. ವಾರಕ್ಕೆ ಐದು ಅಥವಾ ಜಾಸ್ತಿ ಸಲ ಮಾಡುವವರಲ್ಲಿ 2.4 ಪಟ್ಟು. ಯಾವುದೇ ಒಂದು ಗಂಟೆಯಲ್ಲಿ ಹೃದಯಾಘಾತ ಆಗುವ ಸಾಧ್ಯತೆಯೇ ತೀರಾ ಚಿಕ್ಕದು, ಹಾಗಾಗಿ 107 ಅಂದಕೂಡಲೇ ಹೆದರಬೇಕಿಲ್ಲ. ಆದರೆ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಆ ಅಂತರವನ್ನು ನಿಧಾನವಾಗಿ ದಾಟಿಸುವುದೇ ಮೊದಲ ಮೂರು ತಿಂಗಳ ಕೋಚಿಂಗ್. ವರ್ಷಗಟ್ಟಲೆ ಕೂತ ಮೈಯನ್ನು ಮೊದಲ ದಿನವೇ ನೆಲಕ್ಕೆ ಬೀಳಿಸುವವರು ಅಪಾಯದ ತುದಿಯಲ್ಲೇ ನಿಮ್ಮನ್ನು ನಿಲ್ಲಿಸುತ್ತಿದ್ದಾರೆ.

ನಲವತ್ತು ದಾಟಿದ್ದರೆ, ಶುಗರ್, ಬಿಪಿ ಇದ್ದರೆ, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರಿದ್ದರೆ ಮೊದಲು ಡಾಕ್ಟರನ್ನು ಕಂಡು ಬನ್ನಿ. ವ್ಯಾಯಾಮದ ಮಧ್ಯೆ ಎದೆ ಹಿಂಡಿದ ಹಾಗಾದರೆ, ದವಡೆಗೋ ಎಡಗೈಗೋ ನೋವು ಹರಿದರೆ, ತಲೆ ತಿರುಗಿದರೆ ಅದು ‘ಗ್ಯಾಸ್’ ಅಲ್ಲ ಅಂತಲೇ ಅಂದುಕೊಂಡು ಆಸ್ಪತ್ರೆಗೆ ಹೊರಡಿ.

ಟ್ರಯಲ್ ಕ್ಲಾಸಿಗೆ ಹೋದಾಗ

ವಾರಕ್ಕೆ ಎಷ್ಟು ದಿನ ಅಂತ ಎಲ್ಲರೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಪ್ರಕಾರ ಜೋರು ವ್ಯಾಯಾಮವಾದರೆ ವಾರಕ್ಕೆ 75ರಿಂದ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯು ಬಲದ ಕೆಲಸ. ಒಂದು ಗಂಟೆಯ ಕ್ಲಾಸಿನಲ್ಲಿ ನಿಜವಾಗಿ ಜೋರು ಇರುವುದು ಹತ್ತಿಪ್ಪತ್ತು ನಿಮಿಷ. ಮಿಕ್ಕಿದ್ದು ಮೈ ಬಿಸಿ ಮಾಡುವುದು, ಚಲನೆ ಕಲಿಯುವುದು, ಭಾರ ಎತ್ತುವ ಅಭ್ಯಾಸ, ಕೊನೆಗೆ ತಣಿಯುವುದು. ಹೊಸಬರಿಗೆ ಮೂರು ದಿನ ಸಾಕು. ದಿನ ಬಿಟ್ಟು ದಿನ. ಮುಗಿದಮೇಲೂ ಕೊಬ್ಬು ಕರಗುತ್ತಲೇ ಇರುತ್ತದೆ ಅನ್ನೋ ಮಾತನ್ನು ಮಾತ್ರ ನಂಬಿ ಮಸಾಲೆ ದೋಸೆಗೆ ಹೋಗಬೇಡಿ. ಆ ಪರಿಣಾಮ ಇದೆ, ಬಹಳ ಚಿಕ್ಕದು. ದೋಸೆಗೆ ಸಾಲದು.

ಜಿಮ್ ಆರಿಸುವಾಗ ನನ್ನ ಸಲಹೆ ಇಷ್ಟೇ. ಮೊದಲ ಸಲ ಹೋದಾಗ ಕ್ಲಾಸು ಮಾಡಬೇಡಿ, ಪಕ್ಕದಲ್ಲಿ ಕೂತು ನೋಡಿ. ಸೇರಿಸಿಕೊಳ್ಳುವ ಮೊದಲು ನಿಮ್ಮ ಹಳೇ ನೋವು, ಮಾತ್ರೆ, ಆಪರೇಷನ್ ಬಗ್ಗೆ ಯಾರಾದರೂ ಕೇಳಿದರಾ? ಬೋರ್ಡು ವಿವರಿಸುವಾಗ ಬರೀ ಸಂಖ್ಯೆ ಓದಿದರಾ, ಅಥವಾ ಹೇಗನ್ನಿಸಬೇಕು ಅಂತ ಹೇಳಿದರಾ? ಗಡಿಯಾರ ಶುರುವಾದಮೇಲೆ ಕೋಚ್ ಎಲ್ಲಿ ನಿಂತಿದ್ದಾರೆ? ಮುಂದಿನ ಸಾಲಿನ ಚುರುಕು ಹುಡುಗರ ಪಕ್ಕದಲ್ಲೋ, ಹಿಂದೆ ಮೂಲೆಯಲ್ಲಿ ತಡವರಿಸುತ್ತಿರುವವರ ಪಕ್ಕದಲ್ಲೋ? ಎಲ್ಲಕ್ಕಿಂತ ಜಾಸ್ತಿ, ಅವರ ಕೈ ನೋಡಿ. ಒಂದು ಗಂಟೆಯಲ್ಲಿ ಯಾರದಾದರೂ ಬಾರಿನಿಂದ ಒಂದಾದರೂ ಪ್ಲೇಟು ತೆಗೆದರಾ ಅಂತ ಎಣಿಸಿ. ತೆಗೆದಿದ್ದರೆ, ಆಗ ಆ ಭಾರ ಎತ್ತುತ್ತಿದ್ದವರ ಮುಖವನ್ನೂ ನೋಡಿ. ಮುನಿಸಿಕೊಂಡರಾ, ಅಥವಾ ತಲೆಯಾಡಿಸಿ ಮುಂದುವರೆಸಿದರಾ? ತಲೆಯಾಡಿಸಿದ್ದರೆ ಅಲ್ಲಿ ಫೀಸು ಕಟ್ಟಬಹುದು.